ವಿನೆಗರ್ ಕೊಟ್ಟವನ ಪಕ್ಕ

ಜರ್ಮನಿಯ ಸ್ಟುಟ್‌ಗಾರ್ಟಿನ ಲಿಯೊನ್‌ಹಾರ್ಡ್ಸ್ ಚರ್ಚಿನಲ್ಲಿ ಕಳೆದ ಚಳಿಗಾಲ ಬಡಿಸಲು ಹೋಗಿದ್ದೆ. ನನ್ನ ಸರದಿ ಮುಗಿಯಿತು. ತಟ್ಟೆ ಹಿಡಿದು ಅಡುಗೆಮನೆ ಕಡೆ ಹೊರಟಿದ್ದೆ, ತಂಡದ ಹಿರಿಯ ಹೆಂಗಸೊಬ್ಬರು ತಡೆದರು. ‘ಅಲ್ಲಿ ಯಾಕೆ? ಇಲ್ಲೇ ಜಾಗ ಇದೆಯಲ್ಲ.’ ಅವರು ತೋರಿಸಿದ ಜಾಗದ ಪಕ್ಕ ಕೂತಿದ್ದವನು ರಾತ್ರಿ ಬೀದಿಯಲ್ಲಿ ಮಲಗುವವನು. ಕಾಲ ಬಳಿ ನಾಯಿ. ನನ್ನ ಮುಖ ಬಿಸಿಯಾಯಿತು.

ಇದಕ್ಕೆ ಇಲ್ಲಿ ವೆಸ್ಪರ್‌ಕಿರ್ಷೆ ಅನ್ನುತ್ತಾರೆ. 1995ರಲ್ಲಿ ಶುರುವಾದದ್ದು. ಜನವರಿಯಿಂದ ಸುಮಾರು 7 ವಾರ ಚರ್ಚೇ ಊಟದ ಮನೆ. ಚಿಲ್ಲರೆ ಕಾಸಿಗೆ ಬಿಸಿ ಊಟ, ಜೊತೆಗೆ ಡಾಕ್ಟರು, ಕ್ಷೌರ, ನಾಯಿಗೂ ಡಾಕ್ಟರು. ಯಾರು ಬೇಕಾದರೂ ಬರಬಹುದು. ಬಂದವರಿಗೆಲ್ಲ ಅದೇ ಮೇಜು.

ಕೂತೆ. ಆ ದಿನ ಇಡೀ ಮಸೂರ ಕಾಳಿನ ಸಾರು, ಷ್ಪೆಟ್ಸ್ಲೆ ಅನ್ನುವ ಹಿಟ್ಟಿನ ಎಳೆಗಳು. ಒಗ್ಗರಣೆ ಗಿಗ್ಗರಣೆ ಏನೂ ಇಲ್ಲ. ಒಂದು ತುತ್ತು ತಿಂದು ಸುಮ್ನೆ ಚಮಚ ತಿರುವುತ್ತಿದ್ದೆ. ಪಕ್ಕದವನು ವಿನೆಗರ್ ಬಾಟಲಿ ಎತ್ತಿ, ಕೇಳದೆಯೇ ನನ್ನ ತಟ್ಟೆಗೆ ಎರಡು ಸಲ ಚಿಮುಕಿಸಿದ. ‘ಇದಿಲ್ಲದೆ ಯಾರು ತಿಂತಾರೆ?’ ಅಂದ. ರುಚಿ ಹತ್ತಿತು. ಅಲ್ಲಿಗೆ ಉಪಚಾರ ಮಾಡುವವನು ಅವನಾದ.

ಧಾರವಾಡ ಸೀಮೆಯ ನಮ್ಮ ಚರ್ಚ್ ಸಭೆಯಲ್ಲೂ ಕ್ರಿಸ್‌ಮಸ್‌ಗೆ ಬಡವರಿಗೆ ಊಟ ಕೊಡುತ್ತೇವೆ. ಕಾಂಪೌಂಡ್ ಗೇಟಿನ ಹತ್ತಿರ, ಪ್ಯಾಕೆಟ್‌ನಲ್ಲಿ. ಕೊಡುವವರೂ ಇಸಕೊಳ್ಳುವವರೂ ಫೋಟೋಗೆ ತಿರುಗಬೇಕು. ಆಮೇಲೆ ಒಳಗೆ ನಮ್ಮ ಬಿರಿಯಾನಿ. ಸುಗ್ಗಿ ಹಬ್ಬದ ಹರಾಜಿನಲ್ಲಿ ಒಂದು ಕುಂಬಳಕಾಯಿಗೆ ಸಾವಿರ ಕೂಗುವ ಹಿರಿಯರಿಗೆ ಸಭಾಪಾಲಕರ ಜೊತೆ ಬೇರೆ ಮೇಜು. ಪಂಕ್ತಿಭೇದ ಅನ್ನೋದು ಬೇರೆಯವರ ಮನೆಯ ದೋಷ ಅಂತ ತಿಳಿದವರು ನಾವು!

ಬಾಸೆಲ್ ಮಿಷನ್ನಿನವರಿಂದ ಬೆಳೆದ ಸಭೆ ನಮ್ಮದು. ಆ ಮಿಷನ್ನಿನ ಪಾದ್ರಿ, ಕನ್ನಡದ ಮೊದಲ ಪತ್ರಿಕೆ ‘ಮಂಗಳೂರ ಸಮಾಚಾರ’ ತಂದ ಮೋಗ್ಲಿಂಗ್ 1881ರಲ್ಲಿ ತೀರಿಕೊಂಡದ್ದು ಇಲ್ಲೇ ಪಕ್ಕದ ಎಸ್ಲಿಂಗನ್‌ನಲ್ಲಿ. ಆ ಸೀಮೆಯವರು ಹೀಗೆ ಕೂತು ಉಣ್ಣುವುದನ್ನು ನೋಡಿದರೆ ಹೊಟ್ಟೆಕಿಚ್ಚಾಗುತ್ತದೆ.

ಸುಂಕದ ಕಟ್ಟೆಯಲ್ಲಿ ಕೂತಿದ್ದ ಲೇವಿಯನ್ನು ಯೇಸು ‘ನನ್ನನ್ನು ಹಿಂಬಾಲಿಸು’ ಅಂತ ಕರೆದದ್ದು ಸಂಡೇ ಸ್ಕೂಲ್ ಮಕ್ಕಳಿಗೂ ಗೊತ್ತು. ಅವನು ಎಲ್ಲವನ್ನೂ ಬಿಟ್ಟು ಎದ್ದ ಅನ್ನುವುದರ ಮೇಲೆ ಎಷ್ಟೋ ಪ್ರಸಂಗ ಕೇಳಿದ್ದೇನೆ. ಆದರೆ ಎದ್ದವನು ಮನೆಯಲ್ಲಿ ದೊಡ್ಡ ಔತಣ ಮಾಡಿಸಿದ, ಯೇಸು ಜನ ದೂರವಿಡುತ್ತಿದ್ದ ಸುಂಕದವರ ಪಂಕ್ತಿಯಲ್ಲೇ ಕೂತ. ಅದರ ಮಾತು ಯಾರೂ ಎತ್ತಿದ್ದು ನೆನಪಿಲ್ಲ. ಶಿಲುಬೆ ಹೊತ್ತು ಬರಬೇಕು ಅನ್ನುವ ಮಾತಿಗೆ ಸುವಾರ್ತೆ ಬರೆದವರಲ್ಲಿ ಲೂಕ ಒಬ್ಬನೇ ‘ದಿನಾಲೂ’ ಅಂತ ಸೇರಿಸಿದ್ದಾನೆ. ದಿನಾಲೂ ಆಗುವುದು ಊಟವೇ ಅಲ್ವಾ?

ಇಷ್ಟು ಬರೆದ ಮೇಲೆ ಇನ್ನೊಂದನ್ನೂ ಹೇಳದಿದ್ದರೆ ಅವ್ವ ಬಿಡುವುದಿಲ್ಲ. ಇಲ್ಲಿ ಆ ವಾರಗಳು ಮುಗಿದರೆ ಮುಗಿಯಿತು. ಚರ್ಚ್ ತೆರಿಗೆಯನ್ನು ಸರ್ಕಾರವೇ ಸದಸ್ಯರ ಸಂಬಳದಲ್ಲಿ ಹಿಡಿಯುತ್ತದೆ, ಈ ರಾಜ್ಯದಲ್ಲಿ ಆದಾಯ ತೆರಿಗೆಯ ಶೇ. 8ರಷ್ಟು. (ಕಾಣಿಕೆ ಎತ್ತಲು ಸುಂಕದವನನ್ನೇ ಇಟ್ಟುಕೊಂಡಿದ್ದಾರೆ.) ಅಲ್ಲಿಗೆ ಲೆಕ್ಕ ಚುಕ್ತಾ ಅಂದುಕೊಂಡವರು ಜಾಸ್ತಿ. ನಾನು ಕಾಲು ಮುರಿದು ತಿಂಗಳು ಮಲಗಿದ್ದಾಗ, ಭಾನುವಾರ ಹೋಗುವ ಸಭೆಯಿಂದ ಬಂದದ್ದು ಒಂದು ಕಾರ್ಡು. ಅದೂ ಅಚ್ಚು ಹಾಕಿದ್ದು.

ಊರಲ್ಲಿ ಅಪ್ಪ ಆಸ್ಪತ್ರೆಯಲ್ಲಿದ್ದಾಗ ಸ್ತ್ರೀಯರ ಸಂಘದವರು 11 ದಿನ ಸರದಿ ಮೇಲೆ ಗಂಜಿ ತಂದರು. ಕ್ಯಾರಿಯರ್ ಮುಚ್ಚಳದ ಮೇಲೆ ಮನೆಯವರ ಹೆಸರು ಕೊರೆಸಿರುತ್ತಲ್ಲ, ಯಾರ ಮನೆ ಗಂಜಿ ಅಂತ ಅದರಿಂದಲೇ ಗೊತ್ತಾಗುತ್ತಿತ್ತು. ಅರ್ಧ ಜನ ಆ ಬೇರೆ ಮೇಜಿನವರ ಮನೆಯವರೇ.

ವಿನೆಗರ್ ಕಥೆಯನ್ನು ಅವ್ವನಿಗೆ ಫೋನಿನಲ್ಲಿ ಹೇಳಿದೆ. ಪೂರ್ತಿ ಕೇಳಿಸಿಕೊಂಡಳು. ‘ಚಲೋ ಆತು. ಅವನ ಹೆಸರೇನು?’ ಅಂದಳು.

ಕೇಳಿರಲಿಲ್ಲ. ನಾಯಿಯ ಹೆಸರು ಗೊತ್ತಿತ್ತು.