ಬೂಟ್ ಪಾಲಿಶ್ ಮಾಡ್ತಿದ್ದ ಹುಡುಗ ಡಿಟೆಕ್ಟಿವ್ ಆದದ್ದು

ನ್ಯೂಯಾರ್ಕ್ ಪೊಲೀಸ್ ಜೋ ಪೆಟ್ರೊಸಿನೊ ಬಗ್ಗೆ ಬರದ ಒಂದು ಲೇಖನ ಓದಿ ಭಾಳ ಹೊತ್ತು ಸುಮ್ಮನ ಕುಂತಿದ್ದೆ ರೀ. 1860ರಾಗ ಇಟಲಿಯ ಪಡುಲಾದಾಗ ಹುಟ್ಟಿ, ಸಣ್ಣಂವಿದ್ದಾಗ ಅಮೆರಿಕಾಕ್ಕ ಬಂದು, ಬೂಟ್ ಪಾಲಿಶ್ ಮಾಡಿ, ರಸ್ತೆ ಕಸಾ ಹೊಡದು, 1883ರಾಗ ಪೊಲೀಸ್ ಆದಂವ. ಬ್ಲ್ಯಾಕ್ ಹ್ಯಾಂಡ್ ಅನ್ನೋ ಸುಲಿಗಿ ಗ್ಯಾಂಗಿನೋರು ರೊಕ್ಕಾ ಕೊಡು ಇಲ್ಲಾಂದ್ರ ಅಂಗಡಿಗೆ ಬಾಂಬ್ ಹಾಕ್ತೀವಿ, ಮಗನ್ನ ಎತ್ಕೊಂಡು ಹೋಗ್ತೀವಿ ಅಂತ ಚೀಟಿ ಬರೀತಿದ್ದದ್ದು ಇಟಲಿಯಿಂದ ಬಂದ ಮಂದಿಗೇ, ಅವರ ಭಾಷಾ ತಿಳಿಯೋ ಪೊಲೀಸ್ರು ಭಾಳ ಕಡಿಮಿ, ಅದಕ್ಕ ಇಂವಾ ಇಟಾಲಿಯನ್ ಸ್ಕ್ವಾಡ್ ಅಂತ ಆ ಭಾಷಾ ಬಲ್ಲ ಪೊಲೀಸ್ರ ತಂಡ ಕಟ್ಟಿ, ವೇಷಾ ಹಾಕ್ಕೊಂಡು ಕೂಲಿ ಮಂದಿ ನಡುವ ಅಡ್ಡಾಡಿ ಸುದ್ದಿ ತಗೀತಿದ್ದ.

ಭಾಷಾದ ಮಾತು ಯಾಕ ಹೇಳಾಕತ್ತೀನಿ ಅಂದ್ರ, ನಮ್ಮಪ್ಪಾರು ಹುಬ್ಬಳ್ಯಾಗ ಹೆಡ್ ಕಾನ್‌ಸ್ಟೇಬಲ್ ಇದ್ರು. ಒಮ್ಮೆ ಒಡಿಶಾದ ಹುಡುಗ ಒಬ್ಬ ತಿಂಗಳ ಪಗಾರ ಕಳಕೊಂಡು ಅಳಕೋತ ಬಂದಾಗ, ಇಂವನ ಮಾತು ತಿಳಿವಲ್ದು ಅಂತ ಕಂಪ್ಲೇಂಟ್ ಬರಕೊಳ್ಳಾಕ ಯಾರೂ ತಯಾರಿಲ್ಲ, ಅಪ್ಪಾರು ಖಾನಾವಳ್ಯಾಗ ಕೆಲಸಾ ಮಾಡೋ ಇನ್ನೊಬ್ಬ ಒಡಿಯಾ ಹುಡುಗನ್ನ ಹುಡುಕಿ ಕರಕೊಂಡು ಬಂದು ಬಾಜೂಕ ಕುಂದ್ರಿಸಿ ಪೂರ್ತಿ ಬರಸಿದ್ರು. ಕೇಳೋರು ಸಿಕ್ಕರು ಅಂತ ಆ ಹುಡುಗನ ಮುಖ ಹೆಂಗ ಅರಳಿತ್ತು ಅಂತ ಅಪ್ಪಾರು ಇನ್ನೂ ಹೇಳ್ತಾರ.

ಲೇಖನದಾಗ ಪೆಟ್ರೊಸಿನೊ ಸಾವನ್ನ ಒಂದೇ ಸಾಲಿನಾಗ ಮುಗಿಸ್ಯಾರ, ಅದೊಂದು ಸರಿ ಅನಸಲಿಲ್ಲ. ತನಿಖೆಗಂತ ಗುಟ್ಟಾಗಿ ಇಟಲಿಯ ಸಿಸಿಲಿ ದ್ವೀಪಕ್ಕ ಹೊಂಟಾಂವನ ಸುದ್ದಿ ಪೇಪರಿನಾಗ ಬಂದುಬಿಡ್ತು, 1909 ಮಾರ್ಚ್ 12ರ ರಾತ್ರಿ ಅಲ್ಲಿಯ ಪಾಲೆರ್ಮೊ ಊರಾಗ ಗುಂಡು ಹೊಡದು ಕೊಂದ್ರು. ಮನ್ಯಾಗ ಇನ್ನೂ ವರ್ಷ ತುಂಬದ ಮಗಳು. ಆ ಖೂನಿಗೆ ಒಬ್ಬರಿಗೂ ಶಿಕ್ಷಾ ಆಗಲಿಲ್ಲ, ನನಗ ಅದನ್ನ ತಡಕೊಳ್ಳಾಕ ಆಗವಲ್ದು.