ಹಳೇ ಸ್ಟಾಕ್ ಮುಗೀಬೇಕಲ್ವಾ?

ಮೊನ್ನೆ ಒಂದು ಆಫೀಸಿನಲ್ಲಿ ಅರ್ಜಿ ಫಾರಂ ಕೊಟ್ಟರು. ಅದರಲ್ಲಿ ಪೇಜರ್ ನಂಬರಿಗೆ ಜಾಗ ಇತ್ತು, ಮೊಬೈಲಿಗೆ ಇರಲಿಲ್ಲ. ‘ಹೊಸ ಫಾರಂ ಬಂದಿದೆ ಸಾರ್. ಆದ್ರೆ ಹಳೇ ಸ್ಟಾಕ್ ಮುಗೀಬೇಕಲ್ವಾ?’ ಅಂದರು ಗುಮಾಸ್ತರು. ನನಗೆ ಸಿಟ್ಟು ಬರಲಿಲ್ಲ, ಭಕ್ತಿ ಬಂತು. ಇದೇ ತತ್ವ ಹಿಡಿದುಕೊಂಡು ಬ್ರಿಟಿಷ್ ಸಾಮ್ರಾಜ್ಯ ಮೊದಲ ಮಹಾಯುದ್ಧಕ್ಕೇ ಹೋಗಿತ್ತು.

1915ರ ಜನವರಿ. ಇಪ್ಸ್‌ವಿಚ್‌ನಲ್ಲಿ ಕ್ರೇನ್ ಮಾಡುವ ಕಂಪನಿ ನಡೆಸುತ್ತಿದ್ದ ವಿಲ್ಫ್ರೆಡ್ ಸ್ಟೋಕ್ಸ್ ಒಂದು ಮಾರ್ಟರ್ ಮಾಡಿದ. ಏನದು? ಒಂದು ಪೈಪು, ಎರಡು ಕಾಲು, ಕೆಳಗೊಂದು ತಟ್ಟೆ. ಬಾಯಿಂದ ಬಾಂಬು ಬಿಟ್ಟರೆ ಅದು ಜಾರಿ, ತಳದ ಮೊಳೆಗೆ ಬಡಿದು, ಬಂದ ದಾರಿಯಲ್ಲೇ ಮೇಲಕ್ಕೆ ಹಾರುತ್ತದೆ. ನಿಮಿಷಕ್ಕೆ ಇಪ್ಪತ್ತೈದರವರೆಗೂ ಹಾರಿಸಬಹುದು. ಒಟ್ಟು ತೂಕ ಸುಮಾರು 47 ಕೆಜಿ. ಬಿಚ್ಚಿದರೆ ಮೂವರು ಹೊತ್ತು ನಡೆಯಬಹುದು.

ಪೈಪಿನ ವಿಷಯಕ್ಕೆ ಬಂದರೆ ನಮ್ಮೂರೇನು ಕಡಿಮೆಯಿಲ್ಲ. ಮುಳ್ಳುತಂತಿ ಬೇಲಿ ಸಿಡಿಸಿ ದಾರಿ ಮಾಡುವ ‘ಬೆಂಗಳೂರು ಟಾರ್ಪಿಡೊ’ವನ್ನು 1912ರಲ್ಲಿ ಇಲ್ಲೇ, ಸೇನೆಯ ಎಂಜಿನಿಯರ್ ಪಡೆಯಾದ ಮದ್ರಾಸ್ ಸ್ಯಾಪರ್ಸ್‌ನ ಕ್ಯಾಪ್ಟನ್ ಮೆಕ್ಲಿಂಟಾಕ್ ಕಂಡುಹಿಡಿದ. ಅದೂ ಪೈಪೇ, ಒಳಗೆ ಸಿಡಿಮದ್ದು. ಪುಣ್ಯಕ್ಕೆ ರಸ್ತೆ ಅಗೆಯುವವರಿಗೆ ಇದು ಇನ್ನೂ ಗೊತ್ತಾಗಿಲ್ಲ.

ಇರಲಿ. ಸ್ಟೋಕ್ಸ್‌ನ ಪೈಪು ನೋಡಿದ ವಾರ್ ಆಫೀಸು, ಅಂದರೆ ಬ್ರಿಟನ್ನಿನ ಸೇನಾ ಇಲಾಖೆ, ಜೂನ್‌ನಲ್ಲಿ ಬೇಡ ಅಂತು. ಕಾರಣ? ಗೋದಾಮಿನಲ್ಲಿದ್ದ ಹಳೇ ಬಾಂಬುಗಳು ಇದಕ್ಕೆ ಹಿಡಿಸುವುದಿಲ್ಲ! ಆಹಾ, ಎಂಥ ಮಿತವ್ಯಯ. ರಂಗಿಗೆ ಸರಿಹೊಂದುವ ಸೀರೆ ಮನೆಯಲ್ಲಿಲ್ಲ ಅಂತ ಕುಪ್ಪಸವನ್ನೇ ವಾಪಸ್ ಕೊಟ್ಟ ಹಾಗೆ. ಹಿಂದಿನ ತಿಂಗಳಷ್ಟೇ ‘ಗುಂಡು ಸಾಲುತ್ತಿಲ್ಲ’ ಅಂತ ಪತ್ರಿಕೆಗಳು ಬೊಬ್ಬೆ ಹೊಡೆದು ಸರ್ಕಾರವೇ ಅಲ್ಲಾಡಿತ್ತು, ನೆನಪಿರಲಿ.

ಅಷ್ಟರಲ್ಲಿ ಕಂದಕದಲ್ಲಿದ್ದ ಬ್ರಿಟಿಷ್ ಕಡೆಯ ಸೈನಿಕರು ಏನು ಮಾಡುತ್ತಿದ್ದರು? ಜಾಮ್ ತಿಂದು, ಖಾಲಿ ಡಬ್ಬಿಗೆ ಮದ್ದು, ಮೊಳೆ ತುಂಬಿ, ಬತ್ತಿ ಹಚ್ಚಿ ಎಸೆಯುತ್ತಿದ್ದರು. ದೂರಕ್ಕೆ ಬೀಳಬೇಕಾದರೆ ಕ್ಯಾಟರ್‌ಬಿಲ್ಲು. ತಮಾಷೆಯಲ್ಲ ಸ್ವಾಮಿ, ಲಂಡನ್ನಿನ ಗ್ಯಾಮೇಜಸ್ ಅಂಗಡಿಯವರೇ ಮಾಡಿಕೊಟ್ಟ, ಆಳೆತ್ತರದ, ರಬ್ಬರಿನ ಕ್ಯಾಟರ್‌ಬಿಲ್ಲು. ನಾವು ಮಾವಿನಕಾಯಿ ಉದುರಿಸೋಕೆ ಬಳಸಿದ್ದರ ದೊಡ್ಡಣ್ಣ. ಫ್ರೆಂಚರು ಅಜ್ಜನ ಕಾಲದ ಮಾರ್ಟರುಗಳ ಧೂಳು ಕೊಡವಿ ತಂದರು. ಎದುರು ಜರ್ಮನರ ಕೈಯಲ್ಲಿ ಅವರದೇ ಕಂದಕದ ಮಾರ್ಟರ್, ಮೀನೆನ್‌ವೆರ್ಫರ್. 1904–05ರಲ್ಲಿ ಪೋರ್ಟ್ ಆರ್ಥರ್‌ನಲ್ಲಿ ರಷ್ಯನ್ನರೂ ಜಪಾನೀಯರೂ ಕಂದಕದಲ್ಲಿ ಹೊಡೆದಾಡಿದ್ದು ನೋಡಿ ಜರ್ಮನರು ಪಾಠ ಕಲಿತಿದ್ದರು. ಬ್ರಿಟಿಷ್ ಅಧಿಕಾರಿಗಳೂ ಆ ಯುದ್ಧ ನೋಡಲು ಹೋಗಿದ್ದರು. ದಪ್ಪ ದಪ್ಪ ವರದಿ ಬರೆದು ಕಪಾಟಿನಲ್ಲಿ ಭದ್ರವಾಗಿಟ್ಟರು.

ಕೊನೆಗೆ ಶಸ್ತ್ರಾಸ್ತ್ರ ಮಂತ್ರಿ ಲಾಯ್ಡ್ ಜಾರ್ಜ್ ಅಡ್ಡ ಬಂದು ಪೈಪನ್ನು ಉಳಿಸಿದರು. ದುಡ್ಡು? ಭಾರತದ ಮಹಾರಾಜರೊಬ್ಬರು ಕೊಟ್ಟದ್ದು. ಮಹಾರಾಜರಿಗೆ ಕೊಟ್ಟವರು ಯಾರು ಅಂತ ಕೇಳಬೇಡಿ. ಇಲ್ಲಿ ಯಾವುದೋ ಹಳ್ಳಿಯ ರೈತ ಕಂದಾಯ ಕಟ್ಟಬೇಕು, ಅವನ ಮಗ ಫ್ರಾನ್ಸಿನ ಕೆಸರಿನಲ್ಲಿ ಜಾಮ್ ಡಬ್ಬಿ ಎಸೆಯುತ್ತಾ ಸಾಯಬೇಕು, ಲಂಡನ್ನಿನಲ್ಲಿ ಒಬ್ಬ ಸ್ಟಾಕ್ ರಿಜಿಸ್ಟರ್ ನೋಡುತ್ತಾ ಕೂರಬೇಕು. ನಗು ಬರುತ್ತಿಲ್ಲ, ಕ್ಷಮಿಸಿ.

ಸೆಪ್ಟೆಂಬರ್‌ನಲ್ಲಿ ಫ್ರಾನ್ಸಿನ ಲೂಸ್ ಎಂಬಲ್ಲಿ ನಡೆದ ಕದನದ ಹೊತ್ತಿಗೆ ಸ್ಟೋಕ್ಸ್‌ನ ಪೈಪುಗಳು ಹೊಗೆ ಬಾಂಬು ಹಾರಿಸಿದವು. 1917ರಲ್ಲಿ ಅವನು ಸರ್ ವಿಲ್ಫ್ರೆಡ್ ಆದ.

ಮಾರ್ಟರ್ ಅಂದರೆ ಇಂಗ್ಲಿಷಿನಲ್ಲಿ ಒರಳು ಅಂತಲೂ ಅರ್ಥ. ಒರಳಲ್ಲಿ ತಲೆ ಇಟ್ಟ ಮೇಲೆ ಒನಕೆ ಪೆಟ್ಟಿಗೆ ಹೆದರಿದರಾದೀತೇ ಅಂತೀವಲ್ಲ, ಆ ತಲೆ ಕಾಲಾಳಿನದು. ಮಾರ್ಟರಿನವರು ಬರೋರು, ಹತ್ತಾರು ಬಾಂಬು ಬಿಡೋರು, ಪೈಪು ಹೊತ್ತು ಬೇರೆ ಕಡೆ ಹೋಗಿಬಿಡೋರು. ಜರ್ಮನರ ಉತ್ತರ ಅಲ್ಲೇ ಚಹಾ ಕಾಯಿಸುತ್ತಾ ಕೂತವರ ತಲೆ ಮೇಲೆ ಬೀಳೋದು. ವಾರ್ ಆಫೀಸಿನ ತನಕ ಯಾವತ್ತೂ ತಲುಪುತ್ತಿರಲಿಲ್ಲ.