ಕಟಾನಾ ಮಾಮನೂ ನನ್ನ ಕಬ್ಬಿಣದ ಅಂಗಿಯೂ

ಜಪಾನಿನ ಕತ್ತಿ ಕಟಾನಾ ಹೆಚ್ಚೋ, ಯುರೋಪಿನ ಉದ್ದ ಕತ್ತಿ ಲಾಂಗ್‌ಸೋರ್ಡ್ ಹೆಚ್ಚೋ ಅಂತ ಜಗಳ ಆಡುವವರಲ್ಲಿ ಬಹಳಷ್ಟು ಜನ ಈರುಳ್ಳಿ ಹೆಚ್ಚಲೂ ಚಾಕು ಹಿಡಿದವರಲ್ಲ. ಅಂಥವರೊಬ್ಬರು ನಮ್ಮನೆಯಲ್ಲೇ ಇದ್ದಾರೆ. ಸೋಫಾದ ಮೇಲೆ ಕಾಲು ಚಾಚಿ ಕೂತು, ‘ಕಟಾನಾ ಬೀಸಿದರೆ ಕಬ್ಬಿಣದ ಕವಚವೂ ಎರಡು ಹೋಳು’ ಅಂತ ತೀರ್ಪು ಕೊಡುತ್ತಾರೆ. ನಮ್ಮ ಯಜಮಾನರ ಈ ಜ್ಞಾನವೆಲ್ಲ ಸಿನಿಮಾದ್ದು. ನನ್ನದು ಮೈಮೇಲಿನ ನೀಲಿ ಕಲೆಗಳದ್ದು. ಹಾಗಾಗಿ ಈ ಒಂದು ವಿಷಯದಲ್ಲಿ ನಮ್ಮಿಬ್ಬರ ಜಾತಕ ಕೂಡಿಬರುವುದಿಲ್ಲ.

ನಾವಿರುವುದು ಜರ್ಮನಿಯ ಬವೇರಿಯಾ ರಾಜ್ಯದ ಮ್ಯೂನಿಕ್‌ನಲ್ಲಿ. ನನ್ನದು ಸಾಫ್ಟ್‌ವೇರ್ ಟೆಸ್ಟಿಂಗ್ ಕೆಲಸ. ಕೂತು ಕೂತು ಬೆನ್ನು ಹಿಡಿದುಕೊಂಡಾಗ, ಏನಾದರೂ ಆಟಕ್ಕೆ ಸೇರಿಕೊಳ್ಳಿ ಅಂದರು ಡಾಕ್ಟರು. ಯೋಗಕ್ಕೆ ಹೋದೆ. ಅಲ್ಲಿನ ಜರ್ಮನ್ ಟೀಚರ್ ನನ್ನ ‘ಪದ್ಮಾಸನ’ದ ಉಚ್ಚಾರಣೆ ತಿದ್ದಿದರು. ಮಾರನೇ ವಾರವೇ ಕತ್ತಿವರಸೆ ಕ್ಲಬ್ಬಿಗೆ ಹೆಸರು ಕೊಟ್ಟೆ.

ಇದು ನಾಟಕದ ಡ್ರೆಸ್ ಹಾಕಿಕೊಂಡು ಕತ್ತಿ ಟಣಟಣ ಅನ್ನಿಸುವ ಆಟ ಅಲ್ಲ. 15ನೇ ಶತಮಾನದ ಜರ್ಮನ್, ಇಟಾಲಿಯನ್ ಗುರುಗಳ ಹಸ್ತಪ್ರತಿಗಳಿವೆ. ಅವನ್ನು ನೋಡಿ ನೋಡಿ ಕಲಿಯುವುದು. ಆ ಜರ್ಮನ್ ಗುರುಗಳಲ್ಲೊಬ್ಬನಾದ ಹಾನ್ಸ್ ಟಾಲ್‌ಹೋಫರ್ 1467ರಲ್ಲಿ ಮಾಡಿಸಿದ ಚಿತ್ರಗಳ ಪ್ರತಿ ಇಲ್ಲಿನ ಬವೇರಿಯಾ ಸ್ಟೇಟ್ ಲೈಬ್ರರಿಯಲ್ಲೇ ಇದೆ. ಅದರ ತುಂಬಾ ಜನ ಒಬ್ಬರನ್ನೊಬ್ಬರು ಇರಿಯುತ್ತಿರುತ್ತಾರೆ. ಆದರೆ ಯಾರ ಮುಖದಲ್ಲೂ ಗಾಬರಿ ಅನ್ನೋದೇ ಇಲ್ಲ, ಇರಿಸಿಕೊಳ್ಳುವವನ ಮುಖದಲ್ಲೂ! ಇನ್ನೊಂದು ಜರ್ಮನ್ ಹಸ್ತಪ್ರತಿ, ಕತ್ತಿಹಿಡಿಯ ತುದಿಯ ಗುಂಡನ್ನು ತಿರುಗಿಸಿ ಬಿಚ್ಚಿ ಎದುರಾಳಿಯ ಮೇಲೆ ಎಸೆಯಿರಿ ಅನ್ನುತ್ತದೆ. ಇಟಲಿಯ ಗುರು ಫಿಯೋರೆ ಇನ್ನೂ ಘಾಟಿ. ಯುದ್ಧದ ಕೊಡಲಿಯ ತಲೆಯೊಳಗೆ ಕಣ್ಣು ಕುರುಡಾಗಿಸುವ ಪುಡಿ ತುಂಬಿಸಿ ಬಡಿಯುವ ಉಪಾಯ ತೋರಿಸಿದ್ದಾನೆ. ಅವನಿಗೆ ನಮ್ಮ ಮೆಣಸಿನಪುಡಿ ಸಿಕ್ಕಿದ್ದರೆ ಏನು ಕಥೆ! ಬ್ಯಾಡಗಿ ಬೇಡ, ಅದಕ್ಕೆ ಬಣ್ಣವೇ ಜಾಸ್ತಿ. ಗುಂಟೂರಿನದು ಸಾಕಿತ್ತು. ಆಗಿನ್ನೂ ಮೆಣಸಿನಕಾಯಿ ಅಮೆರಿಕ ಬಿಟ್ಟು ಹೊರಟಿರಲಿಲ್ಲ, ಯುರೋಪ್ ಬಚಾವಾಯಿತು.

ಮೈತುಂಬಾ ತಗಡಿನ ಕವಚ ಅಂದರೆ 20ರಿಂದ 25 ಕಿಲೋ. ಕೇಳಿದರೆ ಎದೆ ಧಸಕ್ ಅನ್ನುತ್ತದೆ. ಆದರೆ ತೂಕ ಮೈಗೆಲ್ಲ ಹಂಚಿಹೋಗುವುದರಿಂದ, ಅಳತೆಗೆ ಮಾಡಿಸಿದ್ದಾದರೆ ಓಡಬಹುದು, ಬಿದ್ದು ಏಳಬಹುದು. ಬೂಸಿಕೋ ಎಂಬ ಫ್ರೆಂಚ್ ಸರದಾರ ಕವಚ ತೊಟ್ಟೇ ಲಾಗ ಹಾಕುತ್ತಿದ್ದ ಅಂತ ಅವನ ಕಾಲದ ಜೀವನಚರಿತ್ರೆಯಲ್ಲಿದೆ. ಅವನದು ಅಳತೆಯದ್ದು. ನನ್ನದು ಕ್ಲಬ್ಬಿನ ಎರವಲು. ಯಾರೋ ಆರಡಿ ಬವೇರಿಯನ್ನರ ಮೈಗೆ ಬಡಿದದ್ದು. ನಾನು ಐದಡಿ ಒಂದಿಂಚು. ಮೊಣಕಾಲಿನ ತಗಡು ನನ್ನ ಮೀನಖಂಡದ ಮೇಲೆ ಬಂದು ಕೂರುತ್ತದೆ. ನಾನು ಬಲಕ್ಕೆ ತಿರುಗಿದರೆ ಹೆಲ್ಮೆಟ್ ಆಮೇಲೆ ತಿರುಗುತ್ತದೆ. ಕೆಲವು ಸಲ ತಿರುಗುವುದೇ ಇಲ್ಲ.

ಇದನ್ನು ತೊಡಿಸಲು ಇನ್ನೊಬ್ಬರು ಬೇಕೇ ಬೇಕು. ಆ ಕಾಲದಲ್ಲಿ ಸೇವಕ ಹುಡುಗರಿರುತ್ತಿದ್ದರು. ನನಗೆ ಯಜಮಾನರು. ಮೊದಲು ಪದರ ಪದರವಾಗಿ ಹೊಲಿದ ದಪ್ಪ ಅಂಗಿ. ಅದಕ್ಕೆ ಅಲ್ಲಲ್ಲಿ ಲಾಡಿ. ಕಾಲಿನ ತಗಡು, ತೋಳಿನ ತಗಡು ಎಲ್ಲಾ ಆ ಲಾಡಿಗೇ ಕಟ್ಟುವುದು. ಸೀರೆಯ ನೆರಿಗೆ ಹಿಡಿ ಅಂದರೆ ಓಡಿಹೋಗುವ ಮನುಷ್ಯ ಈಗ ಮಂಡಿಯೂರಿ, ‘ಇದು ಎಡಗಾಲಿಂದಾ, ಬಲಗಾಲಿಂದಾ?’ ಅಂತ ಕೇಳುತ್ತಾರೆ. ಎಲ್ಲಾ ಮುಗಿದು ಹೆಲ್ಮೆಟ್ಟಿನ ಪಟ್ಟಿ ಬಿಗಿದ ಮೇಲೆ ನನಗೆ ಬಾತ್‌ರೂಮಿನ ನೆನಪಾಗುತ್ತದೆ. ಟಾಲ್‌ಹೋಫರ್ ಈ ಬಗ್ಗೆ ಚಿತ್ರ ಬರೆಸಿಲ್ಲ.

ಇನ್ನು ಕತ್ತಿಗಳು. ಯುರೋಪಿನದು ಎತ್ತಲಾಗದಷ್ಟು ಭಾರ, ಜಪಾನಿನದು ಹಗುರ ಅನ್ನುವುದು ಸುಮ್ನೆ ಮಾತು. ಎರಡು ಕೈಯಲ್ಲಿ ಹಿಡಿಯುವ ಲಾಂಗ್‌ಸೋರ್ಡ್ ಹೆಚ್ಚಾಗಿ ಒಂದೂಕಾಲು, ಒಂದೂವರೆ ಕಿಲೋ. ಕಟಾನಾ ಒಂದು ಕಿಲೋದ ಆಸುಪಾಸು. ಲಾಂಗ್‌ಸೋರ್ಡ್ ಒಂದು ಗೇಣು ಉದ್ದ ಜಾಸ್ತಿ. ನೇರ ಅಲಗು, ಎರಡೂ ಕಡೆ ಬಾಯಿ, ಹಿಡಿಯ ಮೇಲೆ ಉದ್ದನೆ ಅಡ್ಡಪಟ್ಟಿ. ಕಟಾನಾದ ಅಲಗು ಮೆಲ್ಲಗೆ ಬಾಗಿರುತ್ತದೆ, ಒಂದೇ ಕಡೆ ಬಾಯಿ, ಕೈಗೆ ಅಡ್ಡವಾಗಿ ಒಂದು ಪುಟ್ಟ ಬಿಲ್ಲೆ. ಕಮ್ಮಾರರು ಅಲಗಿನ ಬೆನ್ನಿಗೆ ದಪ್ಪಗೆ, ಬಾಯಿಗೆ ತೆಳ್ಳಗೆ ಮಣ್ಣು ಮೆತ್ತಿ, ಕಾಯಿಸಿ ನೀರಿಗೆ ಅದ್ದುತ್ತಾರೆ. ಬಾಯಿ ಬೇಗ ತಣಿದು ಗಡುಸಾಗುತ್ತದೆ, ಬೆನ್ನು ನಿಧಾನವಾಗಿ ತಣಿದು ಮೆತ್ತಗೆ ಉಳಿಯುತ್ತದೆ. ಆ ಚೆಂದದ ಬಾಗು ಬಹುಪಾಲು ಹುಟ್ಟುವುದು ಆ ನೀರಿನಲ್ಲೇ. ಕಣ್ಣಿಗೆ ಹಬ್ಬ, ಸುಳ್ಳಲ್ಲ. ಆದರೆ ಉಕ್ಕಿನ ತಗಡಿನ ಮೇಲೆ ಬೀಸಿದರೆ ಮುಕ್ಕಾಗುವುದು ಅದರ ಬಾಯಿಯೇ. ಲಾಂಗ್‌ಸೋರ್ಡಿನ ಗತಿಯೂ ಅಷ್ಟೇ. ಈ ಮಾತನ್ನು ನಮ್ಮ ಸೋಫಾದ ಬಟ್ಟೆಯ ಮೇಲೆ ಕಸೂತಿ ಹಾಕಿಸಬೇಕು ಅಂತಿದ್ದೇನೆ.

ಹಾಗಾದರೆ ಹೊಡೆದಾಡೋದು ಹೇಗೆ? ಸಂದು ಹುಡುಕಬೇಕು. ಕಂಕುಳು, ಮೊಣಕೈಯ ಒಳಭಾಗ, ಅಂಗೈ, ತೊಡೆಸಂದು, ಕಣ್ಣಿನ ಸೀಳು. ಅದಕ್ಕಾಗಿ ಬಲಗೈಯಲ್ಲಿ ಹಿಡಿ, ಎಡಗೈಯಲ್ಲಿ ಅಲಗಿನ ನಡುಭಾಗ ಹಿಡಿದು ಕತ್ತಿಯನ್ನು ಗಿಡ್ಡ ಈಟಿ ಮಾಡಿಕೊಳ್ಳುವುದು. ಇಲ್ಲವೇ ಎರಡೂ ಕೈಯಲ್ಲಿ ಅಲಗನ್ನೇ ಹಿಡಿದು, ಹಿಡಿಯ ಕಡೆಯಿಂದ ತಲೆಗೆ ಕುಟ್ಟುವುದು. ಎರಡನೆಯದಕ್ಕೆ ನಮ್ಮ ಕ್ಲಬ್ಬಿನಲ್ಲಿ ಅನುಮತಿ ಇಲ್ಲ. ಮೊದಲನೆಯದರ ಫೋಟೋ ನೋಡಿ ಶಿವಮೊಗ್ಗದಿಂದ ಅಮ್ಮ ಫೋನ್ ಮಾಡಿದರು.

“ಲೇ, ಕತ್ತೀನ ಹಿಡೀಲಿ ಹಿಡ್ಕೋಬೇಕು ಅಂತಾನೂ ಗೊತ್ತಿಲ್ವೇನೇ? ಈಳಿಗೆಮಣೆ ಮುಂದೆ ಒಂದಿನ ಕೂತಿದ್ರೆ ತಾನೆ!”

ಈಗ ಕಟಾನಾ ಮಾಮ. ಇದು ನಮ್ಮನೆಯಲ್ಲಿ ಇಟ್ಟ ಹೆಸರು. ಬೇಕರಿ ನಡೆಸುವ, ಅರವತ್ತರ ಹತ್ತಿರದ ಅಪ್ಪಟ ಬವೇರಿಯನ್. ಜಪಾನಿನ ಕತ್ತಿವಿದ್ಯೆಯಲ್ಲಿ ಪಳಗಿದವರು. ತಗಡುಪಟ್ಟಿಗಳನ್ನು ರೇಷ್ಮೆ ದಾರದಲ್ಲಿ ಹೆಣೆದ ಜಪಾನಿ ಕವಚದ ನಕಲು ಅವರ ಬಳಿ ಇದೆ. ಜೊತೆಗೆ ಕೊಂಬಿನ ಹೆಲ್ಮೆಟ್, ಮೀಸೆ ಇರುವ ಮುಖವಾಡ. ಮೀಸೆ ಅವರಿಗೆ ಮೊದಲೇ ಇದೆ. ಹೀಗಾಗಿ ಎರಡೆರಡು. ಆದರೆ ಕ್ಲಬ್ಬಿನ ಒಬ್ಬಳೇ ಜಪಾನಿ ಹುಡುಗಿ ಹಿಡಿಯುವುದು ಲಾಂಗ್‌ಸೋರ್ಡ್! ಶಾಲೆಯಲ್ಲಿ ಕೆಂಡೋ ಎಂಬ ಜಪಾನಿ ಕತ್ತಿಯಾಟ ಆಡಿದ್ದಾಳೆ. ಬಿದಿರಿನ ಕತ್ತಿ ಶಿನಾಯಿ ಹಿಡಿದು ತಲೆ, ಮುಂಗೈ, ಪಕ್ಕೆ, ಗಂಟಲು, ಇಷ್ಟಕ್ಕೇ ಗುರಿ ಇಟ್ಟು ಬೇಜಾರಾಯಿತಂತೆ. ಮಾಮ ಅವಳಿಗೆ ಸಮುರಾಯ್‌ಗಳ ಪಾಠ ಹೇಳುತ್ತಾರೆ. ಅವಳು ಮಾಮನಿಗೆ ಹಳೇ ಜರ್ಮನ್ ಓದಿ ಹೇಳುತ್ತಾಳೆ.

ಇಂಥ ಅದಲುಬದಲು ಹೊಸತೇನಲ್ಲ ಬಿಡಿ. ಯುರೋಪಿನ ಎದೆಕವಚವನ್ನು ಜಪಾನಿ ರೀತಿಗೆ ಹೊಂದಿಸಿದ ಕವಚ ಜಪಾನನ್ನು ಆಳಿದ ತೊಕುಗಾವಾ ಇಯೆಯಾಸುವಿನ ಬಳಿಯೇ ಇತ್ತು. ಅವನ ಮಗ ಹಿದೆತಾದಾ 1613ರಲ್ಲಿ ಇಂಗ್ಲೆಂಡಿನ ದೊರೆ ಒಂದನೇ ಜೇಮ್ಸ್‌ಗೆ ಜಪಾನಿ ಕವಚ ಉಡುಗೊರೆ ಕಳಿಸಿದ. ನಮ್ಮ ದಖ್ಖನಿನಲ್ಲೂ ಯುರೋಪಿನಿಂದ ಬಂದ ಅಲಗಿಗೆ ಇಲ್ಲಿನ ಹಿಡಿ ಕೂರಿಸಿ ಫಿರಂಗಿ ಕತ್ತಿ ಮಾಡಿಕೊಂಡಿದ್ದರು. ಮಾಲು ಚೆನ್ನಾಗಿದ್ದರೆ ಯಾವೂರಿಂದು ಅಂತ ಯುದ್ಧ ಮಾಡುವವರು ಕೇಳುವುದಿಲ್ಲ.

ಆಯುಧಪೂಜೆ ಮುಗಿದ ಶನಿವಾರ ನಾನೂ ಮಾಮನೂ ಎದುರಾದೆವು. ಕತ್ತಿಗಳು ಮೊಂಡು, ಮೊನೆ ದುಂಡಗೆ, ಕಣ್ಣಿನ ಸೀಳಿನ ಹಿಂದೆ ತೂತುತೂತಿನ ತಗಡು. ಬೀಸಿದ ಏಟಿಗೆ ಅಂಕ ಇಲ್ಲ. ಸಂದಿಗೆ ಮೊನೆ ಒತ್ತಿದರೆ ಅಂಕ. ಕೆಡವಿ, ರಬ್ಬರ್ ಕಠಾರಿ ಹೆಲ್ಮೆಟ್ಟಿಗೆ ಇಟ್ಟರೆ ಆಟ ಖತಂ.

ಮಾಮ ಅಭ್ಯಾಸಬಲದಿಂದ ಮೊದಲ ಏಟನ್ನು ನೆತ್ತಿಗೇ ಕೊಟ್ಟರು. ನೋವೇನೂ ಇಲ್ಲ. ಆದರೆ ಸದ್ದು! ಮಹಾಮಂಗಳಾರತಿ ಹೊತ್ತಿಗೆ ಜಾಗಟೆಯ ಒಳಗೆ ಕೂತ ಹಾಗಾಯಿತು. ಅದರ ಬೆನ್ನಿಗೇ ನನ್ನ ಕನ್ನಡಕಕ್ಕೆ ಉಸಿರಿನ ಹಬೆ ಹಿಡಿಯಿತು. ಒರೆಸೋಣ ಅಂದರೆ ಹೆಲ್ಮೆಟ್ಟಿನೊಳಗೆ ಬೆರಳು ತೂರುವುದಿಲ್ಲ. ಮುಂದಿನ ಯುದ್ಧವನ್ನೆಲ್ಲ ಅಂದಾಜಿನ ಮೇಲೆ ಮಾಡಿದೆ.

ಮಾಮ ಆಮೇಲೆ ಸುಧಾರಿಸಿಕೊಂಡರು. ಸೊಂಟ ತಗ್ಗಿಸಿ, ಎಡಗೈಯನ್ನು ಅಲಗಿನ ಬೆನ್ನಿಗೆ ಒತ್ತಿ, ಮುಂಗೈಯ ಒಳಭಾಗ ಹುಡುಕುತ್ತಾ ಬಂದರು. ಕವಚದವರ ಜೊತೆ ಹೀಗೆ ಕಾದಾಡುವ ಪದ್ಧತಿ ಹಳೇ ಜಪಾನಿ ಶಾಲೆಗಳಲ್ಲೂ ಇದೆ. ವ್ಯತ್ಯಾಸ ಗೊತ್ತಾಗುವುದು ಇಲ್ಲೇ. ನನ್ನ ನೇರ ಅಲಗು ಎರಡು ಕೈ ತಳ್ಳಿದ ಕಡೆಗೇ ಹೋಗುತ್ತದೆ. ಅಡ್ಡಪಟ್ಟಿಯನ್ನು ಕತ್ತಿನ ಹಿಂದೆ ಕೊಕ್ಕೆ ಹಾಕಿ ಎಳೆಯಬಹುದು. ತುದಿಯ ಗುಂಡಿನಿಂದ ಗುದ್ದಬಹುದು. ಅವರ ಬಾಗಿದ ಮೊನೆ ಸಂದು ಮುಚ್ಚುವ ಸರಪಳಿ ಬಲೆಯ ಮೇಲೆ ಜಾರುತ್ತದೆ, ಪುಟ್ಟ ಬಿಲ್ಲೆಗೆ ಏನೂ ಸಿಕ್ಕಿಕೊಳ್ಳುವುದಿಲ್ಲ. ಇದರಲ್ಲಿ ನನ್ನ ಓಟು ಲಾಂಗ್‌ಸೋರ್ಡಿಗೇ. ಆದರೆ ಮೈಗೆ ಮೈ ತಾಗುವಷ್ಟು ಹತ್ತಿರ ಬಂದ ಮೇಲೆ ಗಿಡ್ಡ ಕಟಾನಾ, ಮಾಮನ ಮಾತು ಕೇಳುತ್ತಿತ್ತು. ನನ್ನ ಕತ್ತಿ ನನ್ನ ಕಾಲಿಗೇ ತಗುಲುತ್ತಿತ್ತು.

ಅಂತೂ ಮಾಮನ ಕಂಕುಳಿಗೆ ಮೊನೆ ಒತ್ತಿದೆ. ತೆಗೆದು ನೋಡಿದರೆ ಕೆಂಪು!

ರೆಫರಿ ‘ಹಾಲ್ಟ್’ ಅಂತ ಕಿರುಚಿದರು. ಪ್ರಥಮ ಚಿಕಿತ್ಸೆಯ ಪೆಟ್ಟಿಗೆ ಓಡಿಬಂತು. ತಮ್ಮ ಕಂಕುಳು ತಾವೇ ನೋಡಿಕೊಳ್ಳಲು ಮಾಮನಿಗೆ ಕವಚ ಬಿಡಲಿಲ್ಲ. ‘ನೋವಿಲ್ಲ, ನೋವಿಲ್ಲ’ ಅನ್ನುತ್ತಲೇ ಮುಖ ಬಿಳಿಚಿಕೊಂಡಿತು. “ಅದು ಕುಂಕುಮ! ಪೂಜೆಯ ಪುಡಿ!” ಅಂತ ಹೆಲ್ಮೆಟ್ಟಿನೊಳಗಿಂದ ಕೂಗಿದೆ. ಪುಡಿ ಅಂದದ್ದೇ ತಡ, ಜಪಾನಿ ಹುಡುಗಿಗೆ ಫಿಯೋರೆ ನೆನಪಾದ. ಕತ್ತಿಗೆ ಪುಡಿ ಸವರಿಕೊಂಡು ಬರಬಾರದು ಅಂತ ನಿಯಮ ಇದೆಯಾ ಅಂತ ಫೋನಿನಲ್ಲಿ ಹುಡುಕಿದರು. ಇರಲಿಲ್ಲ. ಈಗ ಇದೆ.

ಆಟ ಮತ್ತೆ ಶುರುವಾಯಿತು. ಕತ್ತಿಗಳು ಒಂದಕ್ಕೊಂದು ಸಿಕ್ಕಿಕೊಂಡವು. ಇಬ್ಬರೂ ಕೈಬಿಟ್ಟೆವು. ಮುಂದಿನದು ಶುದ್ಧ ಕುಸ್ತಿ. ತೂಕದಲ್ಲಿ ಮಾಮ ನನ್ನ ಎರಡರಷ್ಟು, ಕವಚದ ಲೆಕ್ಕ ಬೇರೆ. ದಡಾರನೆ ಬಿದ್ದೆ. ಮಾಮ ಎದೆಯ ಮೇಲೆ ಕೂತು ಕಠಾರಿ ಹಿರಿದರು. ಸರಿಯಾಗಿ ಆಗಲೇ ಅಮ್ಮನ ವಿಡಿಯೋ ಕಾಲ್ ಬರಬೇಕೇ! ಸೋಫಾ ಪಂಡಿತರು ಎತ್ತಿದರು. ಎತ್ತಿದ್ದಲ್ಲದೆ, ಅತ್ತೆಗೂ ಕಾಣಲಿ ಅಂತ ಫೋನನ್ನು ನಮ್ಮ ಕಡೆಗೆ ತಿರುಗಿಸಿದರು.

“ಅಯ್ಯೋ ಶಿವನೇ! ಯಾರ್ರೀ ಅದು ಕೊಂಬಿನವರು, ನನ್ನ ಮಗಳ ಮೇಲೆ?”

“ಬೇಕರಿಯವರು ಅತ್ತೆ. ತುಂಬಾ ಒಳ್ಳೆಯವರು.”

“ಒಳ್ಳೆಯವರಾದ್ರೆ ಎದ್ದೇಳೋಕೆ ಹೇಳ್ರೀ!”

ಮಾಮನಿಗೆ ಕನ್ನಡ ಬಾರದು. ಆದರೆ ಆ ದನಿಗೆ ಅನುವಾದ ಬೇಕಾಗಲಿಲ್ಲ. ತಟ್ಟನೆ ಎದ್ದು, ಕೊಂಬು ಸಮೇತ ಫೋನಿಗೆ ಬಗ್ಗಿ ನಮಸ್ಕಾರ ಮಾಡಿದರು, ಜಪಾನಿ ಶೈಲಿಯಲ್ಲಿ. ನಾನು ಮಾತ್ರ ಮಲಗಿದ್ದಲ್ಲೇ ಇದ್ದೆ. ಬಿದ್ದ ರಭಸಕ್ಕೆ ಹೆಲ್ಮೆಟ್ಟಿನ ಮುಖಪರದೆ ಸಿಕ್ಕಿಕೊಂಡಿತ್ತು. ಅದನ್ನು ಬಿಡಿಸಲು ಬೆಣ್ಣೆ ತಂದರು. ಬೇಕರಿಯವರ ಬಳಿ ಅದಕ್ಕೇನು ಬರ.

ಆಮೇಲೆ ಕಾಫಿ ಕುಡಿಯುವಾಗ ಮಾಮನೇ ಹೇಳಿದರು. ರಣರಂಗದಲ್ಲಿ ಯುರೋಪಿನವರಿಗೂ ಜಪಾನಿನವರಿಗೂ ಕತ್ತಿ ಸೊಂಟಕ್ಕೆ ಸಿಕ್ಕಿಸಿಕೊಂಡ ಬದಲಿ ಆಯುಧವಂತೆ. ಕವಚದವರನ್ನು ಮಲಗಿಸಲು ಯುರೋಪಿನವರು ಉದ್ದ ಹಿಡಿಯ ಕೊಡಲಿ, ಸುತ್ತಿಗೆ ಹಿಡಿಯುತ್ತಿದ್ದರು. ಜಪಾನಿನವರು ಬಿಲ್ಲು, ಈಟಿ, 1543ರಲ್ಲಿ ಪೋರ್ಚುಗೀಸರು ಬಂದ ಮೇಲೆ ಕೋವಿ. ಅಲ್ಲಿನ ಕಾಲಾಳುಗಳ ಈಟಿ ಆರು ಮೀಟರ್‌ವರೆಗೂ ಇರುತ್ತಿತ್ತು. ಮಾಮ ಅಂಥದ್ದೊಂದಕ್ಕೆ ಆರ್ಡರ್ ಕೊಟ್ಟಿದ್ದಾರೆ. ಅವರ ಮನೆ ನಾಲ್ಕನೇ ಮಹಡಿ. ಲಿಫ್ಟ್ ಇಲ್ಲ, ಮಹಡಿಗೆರಡು ತಿರುವು. ಈಟಿ ಬಂದ ದಿನ ಹಿಡಿಯಲು ಬನ್ನಿ ಅಂತ ನಮ್ಮ ಯಜಮಾನರಿಗೆ ಹೇಳಿದ್ದಾರೆ. ಇವರು ಹೂಂ ಅಂದು ಬಂದಿದ್ದಾರೆ, ಆರು ಮೀಟರ್ ಅಂದರೆ ಎಷ್ಟು ಅಂತ ಇನ್ನೂ ಕೇಳಿಲ್ಲ.